ಗರಡಿಗೆ ಮೊದಲು ಮಣ್ಣು

ಪ್ರೀತಿಯ ಗೆಳೆಯಾ,

ಸಕಲೇಶಪುರದ ಹತ್ತಿರ ನಿಮ್ಮೂರ ಹಳೇ ಗರಡಿ ಮನೆಯ ಬೀಗ ತೆಗೆಸಿದ್ದೀಯ ಅಂತ ಓದಿ ಖುಷಿಯಾಯ್ತು. ಆದರೆ ನೀನು ಕಳಿಸಿದ ಖರ್ಚಿನ ಪಟ್ಟಿಯಲ್ಲಿ ಸುಣ್ಣಬಣ್ಣ ಇದೆ, ಹೆಂಚು ಇದೆ, ಬೋರ್ಡು ಇದೆ, ಮಣ್ಣೇ ಇಲ್ಲ! ಮಟ್ಟಿ, ಅಂದರೆ ಕುಸ್ತಿ ಆಡುವ ಮಣ್ಣಿನ ಅಖಾಡ, ಸರಿಯಿಲ್ಲದ ಗರಡಿ ಬರೀ ಗೋಡೌನು.

ಜೋಡಿ ಕುಸ್ತಿ ಆಡೋಕೆ 14 ಅಡಿ ಚೌಕ, ಒಂದೂವರೆ ಅಡಿ ಆಳ ಸಾಕು. ಅಂದರೆ ಸುಮಾರು 300 ಘನ ಅಡಿ. ಟ್ರ್ಯಾಕ್ಟರಿಗೆ 100 ಘನ ಅಡಿ ಹಿಡಿದರೂ, ಜರಡಿಯಲ್ಲಿ ಹೋಗುವ ಕಲ್ಲು ಕಳೆದು ನಾಲ್ಕು ಲೋಡು ಬೇಕು. ನಿಮ್ಮ ಕಡೆ ಗುಡ್ಡ ಕಡಿದ ಮಣ್ಣಲ್ಲಿ ನೊರಜುಗಲ್ಲು ಜಾಸ್ತಿ, ಮಂಡಿ ಮೊಣಕೈ ತರಚಿಹೋಗುತ್ತೆ. ಅರಸೀಕೆರೆ ಕಡೆಯ ಕೆಮ್ಮಣ್ಣು ತರಿಸು. ಕೆರೆಯ ಗೋಡು ಬೇಡ, ಒಣಗಿದರೆ ಹೆಂಟೆ ಕಟ್ಟುತ್ತೆ. ಮೊದಲು ಮರಳಿನ ಜರಡಿ, ಆಮೇಲೆ ಸಣ್ಣ ಕಣ್ಣಿನದು.

ಅರಿಶಿನ, ಬೇವಿನ ಪುಡಿ, ಎಳ್ಳೆಣ್ಣೆ ಸೇರಿಸೋದು ಹಳೇ ಪದ್ಧತಿ. ಮಜ್ಜಿಗೆಯನ್ನೂ ಹಾಕುತ್ತಾರೆ. ಬಯಲುಸೀಮೆಯಲ್ಲಿ ಅದು ಸರಿ. ನಿಮ್ಮ ಮಳೆಗೆ ಬೂಷ್ಟು ಹಿಡಿದು ನಾರುತ್ತೆ, ಮಜ್ಜಿಗೆ ಬೇಡ. ಒಂದು ವಿಷಯ ಹುಡುಗರಿಗೆ ಬಿಡಿಸಿ ಹೇಳು: ಬೇವು ಅರಿಶಿನ ಇದೆ ಅಂತ ಮಟ್ಟಿ ಔಷಧಿಯಲ್ಲ. ಹುಳುಕಡ್ಡಿ ಎದ್ದವನನ್ನು ಪೂರ್ತಿ ವಾಸಿಯಾಗೋವರೆಗೆ ಇಳಿಸಬೇಡ, ಒಬ್ಬನಿಂದ ಎಲ್ಲರಿಗೂ ಹರಡುತ್ತೆ. ಗಾಯಕ್ಕೆ ಮಟ್ಟಿ ಮಣ್ಣು ಮೆತ್ತೋದು ಬೇಡವೇ ಬೇಡ. ಧನುರ್ವಾಯು ಮಣ್ಣಿಂದಲೇ ಬರೋದು. ಎಲ್ಲರಿಗೂ ಇಂಜೆಕ್ಷನ್ ಆಗಿರಲಿ.

ಹದ ನೋಡೋದು ಸುಲಭ. ಒಂದು ಹಿಡಿ ಮಣ್ಣು ಮುಷ್ಟಿಯಲ್ಲಿ ಒತ್ತು. ಉಂಡೆ ಕಟ್ಟಬೇಕು, ಬೆರಳಲ್ಲಿ ಒತ್ತಿದರೆ ಉದುರಬೇಕು. ಉಂಡೆಯೇ ಕಟ್ಟದಿದ್ದರೆ ಧೂಳೆದ್ದು ಎದೆಗೆ ಸೇರುತ್ತೆ. ಕೈಗೆ ಅಂಟಿದರೆ ಕಾಲು ಹೂತುಕೊಂಡು ಮಂಡಿ ತಿರುಚುತ್ತೆ.

ದಿನಾ ಬೆಳಿಗ್ಗೆ ಮಟ್ಟಿ ಅಗೆದು, ಹರವಿ, ಸಮ ಮಾಡಬೇಕು. ಅದಕ್ಕೆ ಕೂಲಿಯಾಳು ಇಡಬೇಡ. ಸೊಂಟ, ಭುಜ, ಹಿಡಿತ ಬಲಿಯೋದು ಆ ಗುದ್ದಲಿಯಲ್ಲೇ. ಮೊಬೈಲಿಂದ ಎದ್ದು ಬಂದ ಹುಡುಗನ ಮನಸ್ಸು ಒಂದು ಕಡೆ ನಿಲ್ಲೋದೂ ಅಲ್ಲೇ. ಅಗೆಯೋಕೆ ಬೇಜಾರು ಪಡೋನು ಪಟ್ಟು ಕಲಿಯೋವರೆಗೂ ಉಳಿಯೋದಿಲ್ಲ, ಇದು ನನ್ನ ಖಚಿತ ಅಭಿಪ್ರಾಯ.

ಸಾಮು, ಅಂದರೆ ಕಸರತ್ತು, ಶುರುವಿಗೆ ದಂಡ 10ರಂತೆ ಮೂರು ಸಲ, ಬಸ್ಕಿ 20ರಂತೆ ಮೂರು ಸಲ, ಅಷ್ಟೇ. ದಂಡದಲ್ಲಿ ಎಲ್ಲರೂ ಕೆಡೋದು ಒಂದೇ ಕಡೆ: ಎದೆ ನೆಲ ಸವರಿ ಮೇಲೇಳುವಾಗ ಸೊಂಟ ಜೋತುಬಿಡ್ತಾರೆ, ತಿಂಗಳಲ್ಲಿ ಬೆನ್ನುನೋವು ಅಂತಾರೆ. ಹೊಟ್ಟೆ ಬಿಗಿ ಇರಲಿ, ಉಸಿರು ಕಟ್ಟಬಾರದು. ಪೈಲ್ವಾನರ ಬಸ್ಕಿಯಲ್ಲಿ ಹಿಮ್ಮಡಿ ಏಳುತ್ತೆ. ಹೊಸಬರು ಪೂರ್ತಿ ಪಾದ ಊರಿಯೇ ಕಲಿಯಲಿ. ಗದೆ ಮೂರು ನಾಲ್ಕು ಕೆ.ಜಿ.ಗಿಂತ ಭಾರ ಬೇಡ. ಬೆನ್ನ ಹಿಂದೆ ಇಳಿಸುವಾಗ ಮೊಣಕೈ ಕಿವಿಯಿಂದ ದೂರ ಹೋಯ್ತೋ, ಭಾರವೆಲ್ಲ ಭುಜದ ಕೀಲಿಗೆ ಬೀಳುತ್ತೆ.

ಮಳೆಗಾಲದಲ್ಲಿ ಮಟ್ಟಿ ಹದಕ್ಕೆ ಬರೋದಿಲ್ಲ ಅಂತ ಬಾಗಿಲು ಹಾಕಬೇಡ, ಮೂರು ತಿಂಗಳು ಬಿಟ್ಟರೆ ಹುಡುಗರು ಚದುರಿಹೋಗ್ತಾರೆ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಮೂರನೇ ಸೋಮೇಶ್ವರನ ಮಾನಸೋಲ್ಲಾಸ ಅನ್ನೋ ಗ್ರಂಥ ಮಲ್ಲರಿಗೆ ಭಾರ ಎತ್ತೋದು, ನಡಿಗೆ, ಈಜು, ಕಂಬದ ಸಾಮು ಎಲ್ಲ ಹೇಳುತ್ತೆ. ಮಳೆಗಾಲದ ಸಾಮಿಗೆ ಒಳಗೊಂದು ಕಂಬ ನಿಲ್ಲಿಸಿ ಹರಳೆಣ್ಣೆ ಸವರು. ಮಟ್ಟಿಯನ್ನು ಅಂಚಿಗಿಂತ ಅರ್ಧ ಅಡಿ ಎತ್ತರ ಗುಡ್ಡೆ ಮಾಡಿ ಇಡು.

ಮ್ಯಾಟ್ ಕೊಡಿಸ್ತೀವಿ ಅಂತ ಯಾರಾದರೂ ಬಂದರೆ ಬೇಡ ಅನ್ನಬೇಡ. ಮುಂದೆ ಸ್ಪರ್ಧೆಗೆ ಹೋಗೋರಿಗೆ ಅದು ಬೇಕೇ ಬೇಕು. ಅಲ್ಲಿ ಮೂರು ನಿಮಿಷದ ಎರಡು ಸುತ್ತು, ಪಾಯಿಂಟಿನ ಲೆಕ್ಕ; ಇಲ್ಲಿ ಎದುರಾಳಿ ಬೆನ್ನು ನೆಲಕ್ಕೆ ತಾಗಿ ಚಿತ್ ಆಗೋವರೆಗೆ ತಾಳಬೇಕು. ಆ ತಾಳ್ಮೆ ಮಣ್ಣಲ್ಲೇ ಬರಲಿ, ವೇಗ ಮ್ಯಾಟಿನಲ್ಲಿ ಕಲಿಯಲಿ. ಜಾತ್ರೆಗೊಂದು ಪ್ರದರ್ಶನ ಕೊಟ್ಟು ಕಲೆ ಉಳಿಸಿದ್ವಿ ಅನ್ನೋರ ಮಾತಿಗೆ ಮಾತ್ರ ತಲೆ ಕೊಡಬೇಡ.

ಊಟದ ವಿಷಯ: ಬಾದಾಮಿ ತುಪ್ಪ ಅಂತ ಹೆದರಿಸಿ ಬಡವರ ಮಕ್ಕಳನ್ನು ಓಡಿಸಬೇಡ. ಮುದ್ದೆ, ಹುರುಳಿ ಸಾರು, ಹಾಲು, ಮೊಟ್ಟೆ ಸಾಕು.

ಲೋಡು ಇಳಿಸೋಕೆ ಮುಂಚೆ ಒಂದು ಚೀಲ ಮಣ್ಣು ಹಾಸನದ ಬಸ್ಸಿಗೆ ಹಾಕಿ ಕಳಿಸು. ಮುಷ್ಟಿ ಒತ್ತಿ ನೋಡಿ ಹೇಳ್ತೀನಿ.

ನಿನ್ನ ಗೆಳೆಯ,
ಹಾಸನ