ಇಚ್ಚನಿಗೆ, ಮತ್ತೆ ಜೊತೆ ನಿಂತ ಎಲ್ಲರಿಗೂ

ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳಬೇಕು ಅಂತ ಇತ್ತು, ಆಗಲಿಲ್ಲ. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ಕೇಸು ಮುಗಿಯಿತು. ಪರಿಹಾರದ ಹಣ ಬಡ್ಡಿ ಸಮೇತ ಖಾತೆಗೆ ಬಂದಿದೆ. 2023ರಲ್ಲಿ ಮರದ ಮಿಲ್ಲಿನ ಗರಗಸಕ್ಕೆ ಸಿಕ್ಕಿ ನನ್ನ ಒಂದು ಕೈಯ ಮೂರು ಬೆರಳು ಹೋದದ್ದು ನಿಮಗೆಲ್ಲ ಗೊತ್ತಿರುವುದೇ, ಮತ್ತೆ ವಿವರವಾಗಿ ಬರೆಯುವುದಿಲ್ಲ.

ಮಂಗಳೂರಿಗೆ ಕಾರು ಬಿಟ್ಟ ಪಕ್ಕದ ಮನೆಯವರು, ರಕ್ತ ಕೊಟ್ಟ ಹುಡುಗರು, ತಿಂಗಳುಗಟ್ಟಲೆ ಬಾಕಿ ಕೇಳದೆ ಸಾಮಾನು ಕೊಟ್ಟ ಅಂಗಡಿಯವರು, ಕುಟುಂಬಶ್ರೀ ಮಹಿಳಾ ಸಂಘದ ಅಕ್ಕಂದಿರು, ಮಕ್ಕಳ ಟೀಚರು, ಎಲ್ಲರಿಗೂ ಮನಸಾರೆ ಕೈ ಮುಗಿಯುತ್ತೇನೆ.

ಇವತ್ತು ಜಾಸ್ತಿ ಬರೆಯಬೇಕಾದ್ದು ಇಚ್ಚನ ಬಗ್ಗೆ. ಇಚ್ಚ ಅಂದರೆ ಅಣ್ಣ, ನಾನು ಅವರನ್ನು ಕರೆಯುವುದು ಹಾಗೆ. ಹೆಸರು ಹಾಕಬೇಡ ಎಂದಿದ್ದಾರೆ, ಹಾಕುವುದಿಲ್ಲ. ಮಿಲ್ಲಿನಲ್ಲಿ ನನಗಿಂತ ಮೊದಲಿನಿಂದ ಇದ್ದವರು. ಆಪರೇಷನ್ ಆದ ರಾತ್ರಿ ನನ್ನ ಹತ್ತಿರ ಉಳಿದವರು ಅವರೊಬ್ಬರೇ. ಮನೆಯಲ್ಲಿ ಚಿಕ್ಕ ಮಗು, ಹೆಂಡತಿಗೆ ಬರಲಿಕ್ಕೆ ಆಗಿರಲಿಲ್ಲ.

ಊಟದ ಹೊತ್ತಿಗೆ ಮಾಲೀಕರ ಕಡೆಯವರೊಬ್ಬರು ಬಂದರು. ಒಂದು ಕವರು, ಅದರ ಜೊತೆ ಒಂದು ಛಾಪಾ ಕಾಗದ. ಆಸ್ಪತ್ರೆ ಬಿಲ್ಲು ನಾವು ನೋಡಿಕೊಳ್ತೇವೆ, ಇಲ್ಲೊಂದು ಸೈನ್ ಹಾಕು ಅಂದರು. ನನಗೆ ಮಂಪರು ಪೂರ್ತಿ ಇಳಿದಿರಲಿಲ್ಲ. ಪೆನ್ನು ಆಗಲೇ ಬಲಗೈಗೆ ಬಂದಿತ್ತು. ಇಚ್ಚ ಕಾಗದ ತೆಗೆದುಕೊಂಡು ಟ್ಯೂಬ್‌ಲೈಟಿನ ಕೆಳಗೆ ಹೋಗಿ ನಿಂತರು. ಕನ್ನಡ ಶಾಲೆಯಲ್ಲಿ ಕಲಿತವರು, ಸಾಲಿನ ಕೆಳಗೆ ಬೆರಳು ಇಟ್ಟು ಗಟ್ಟಿಯಾಗಿ ಓದುವುದು ಅವರ ಕ್ರಮ. ನನ್ನದೇ ಅಜಾಗರೂಕತೆಯಿಂದ ಗಾಯವಾಗಿದೆ, ಮಾಲೀಕರಿಗೆ ಸಂಬಂಧ ಇಲ್ಲ, ಮುಂದೆ ಯಾವ ಪರಿಹಾರವನ್ನೂ ಕೇಳುವುದಿಲ್ಲ ಅಂತ ಇತ್ತು ಅದರಲ್ಲಿ. ಇಡೀ ವಾರ್ಡಿಗೆ ಕೇಳಿತು. ಓದಿ ಮುಗಿಸಿ, ಮಡಚಿ, ವಾಪಸು ಕೊಟ್ಟು "ಇವ ಸೈನ್ ಹಾಕುದಿಲ್ಲ" ಅಂದರು. ಕವರನ್ನೂ ಕೊಟ್ಟು ಕಳಿಸಿದರು.

ಅವರು ಹೋದ ಮೇಲೆ ನನಗೆ ಹೆದರಿಕೆ ಶುರುವಾಯಿತು. ನಾಳೆ ಬಿಲ್ಲು ಯಾರು ಕಟ್ಟುವುದು? ಈ ಕೈ ನೋಡಿ ಇನ್ನು ಯಾರು ಕೆಲಸಕ್ಕೆ ಕರೀತಾರೆ? ಅಡಿಕೆ ಸುಲಿಯಲಿಕ್ಕಾದರೂ ಆಗ್ತದಾ, ಆಗ್ತದಾ ಅಂತ ಇಚ್ಚನನ್ನು ಕೇಳುತ್ತಲೇ ಇದ್ದೆ. ಆಮೇಲೆ ಅತ್ತೆ. ಬಾಯಿಗೆ ಹೊದಿಕೆ ತುರುಕಿಕೊಂಡು, ಪಕ್ಕದ ಬೆಡ್ಡಿನವರಿಗೆ ಕೇಳಬಾರದು ಅಂತ. ಯಾಕೆ ಉಳಿದೆನೋ ಅನಿಸಿತ್ತು, ನಿಜವಾಗಿಯೂ ಅನಿಸಿತ್ತು. ಇಚ್ಚ ಸಮಾಧಾನದ ಮಾತು ಆಡಲಿಲ್ಲ. ಸ್ಟೂಲು ಹತ್ತಿರಕ್ಕೆ ಎಳೆದುಕೊಂಡು ನನ್ನ ಬಲಗೈ ಹಿಡಿದು ಕೂತರು. ಬೆಳಗಿನ ಜಾವದ ಸುಬಹಿ ನಮಾಜಿಗೆ ಮಾತ್ರ ಎದ್ದು ಹೋಗಿ, ಬರುವಾಗ ಚಹಾ ತಂದರು.

ಆ ಕಾಗದಕ್ಕೆ ಸೈನ್ ಹಾಕಿದ್ದರೂ ಅದು ಕಾನೂನಿನಲ್ಲಿ ನಿಲ್ಲುತ್ತಿರಲಿಲ್ಲ ಅಂತ ಆಮೇಲೆ ವಕೀಲರು ಹೇಳಿದರು. ಆಗ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಪರಿಹಾರದ ಹಕ್ಕು ಬಿಟ್ಟುಕೊಡುತ್ತೇನೆ ಅಂತ ಬರೆಸಿಕೊಂಡ ಒಪ್ಪಂದಕ್ಕೆ ಬೆಲೆಯೇ ಇಲ್ಲ. ಆದರೆ ಸೈನ್ ಹಾಕಿದವನು ವಕೀಲರ ಹತ್ತಿರ ಹೋಗುವುದೇ ಇಲ್ಲ ಅಲ್ವಾ? ಎಲ್ಲ ಮುಗಿಯಿತು ಅಂದುಕೊಂಡು ಮನೆಯಲ್ಲಿ ಕೂರುತ್ತಾನೆ. ಇಚ್ಚ ನನ್ನನ್ನು ಉಳಿಸಿದ್ದು ಅದರಿಂದ.

ಆಮೇಲೆ ಅವರು ಸಾಕ್ಷಿ ಹೇಳಿದರು. ಗರಗಸದ ಗಾರ್ಡ್ ನಾನೇ ಬಿಚ್ಚಿದ್ದು ಅಂತ ಮಾಲೀಕರ ವಾದ. ಕೆಲಸಗಾರನ ಸಣ್ಣ ಅಜಾಗರೂಕತೆಗೆಲ್ಲ ಪರಿಹಾರ ತಪ್ಪುವುದಿಲ್ಲ, ಆದರೆ ಸುರಕ್ಷತೆಯ ಸಾಧನವನ್ನು ಗೊತ್ತಿದ್ದೂ ಬೇಕಂತಲೇ ತೆಗೆದಿದ್ದರೆ, ಸಾವು ಅಥವಾ ಪೂರ್ತಿ ಶಾಶ್ವತ ಅಂಗವಿಕಲತೆ ಬಿಟ್ಟು ಉಳಿದ ಗಾಯಗಳಿಗೆ ಮಾಲೀಕರು ಕೊಡಬೇಕಾಗಿಲ್ಲ. ನನ್ನದು ಮೂರು ಬೆರಳು. ಆ ವಾದ ನಿಂತಿದ್ದರೆ ನನಗೆ ಏನೂ ಸಿಗುತ್ತಿರಲಿಲ್ಲ. ಕೆಲಸ ಬೇಗ ಆಗಲಿ ಅಂತ ಗಾರ್ಡನ್ನು ಮಾಲೀಕರೇ ತೆಗೆಸಿದ್ದು, ಅದು ಮರದ ಹುಡಿಯ ರಾಶಿಯ ಹಿಂದೆ ತುಕ್ಕು ಹಿಡಿದು ಬಿದ್ದಿತ್ತು ಅಂತ ಇಚ್ಚ ಹೇಳಿದರು. ಆಗ ಅವರು ಇನ್ನೂ ಅದೇ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಮಗಳ ಮದುವೆ ಮುಂದಿತ್ತು. ಸಾಕ್ಷಿ ಹೇಳಿದ ಮೇಲೆ ಆ ಕೆಲಸ ಉಳಿಯಲಿಲ್ಲ. ಈ ಎರಡು ಮಾತು ಬರೆಯಲಿಕ್ಕೆ ನನಗೆ ತುಂಬ ಹೊತ್ತು ಹಿಡಿಯಿತು. ಇಚ್ಚ, ನಿಮ್ಮ ಋಣ ನನ್ನಿಂದ ತೀರುವಂಥದ್ದಲ್ಲ.

ನಮ್ಮ ಮಿಲ್ಲು ಗಡಿಯ ಸಾರಡ್ಕದ ಆಚೆ ಕರ್ನಾಟಕದಲ್ಲಿ, ಮನೆ ಈಚೆ ಕೇರಳದ ಪೆರ್ಲದ ಕಡೆ. ಕೇರಳದವನು ಏನು ಕೇಸು ಹಾಕ್ತಾನೆ ಅಂತ ಮಿಲ್ಲಿನಲ್ಲಿ ಮಾತು ಇತ್ತು. ಆದರೆ ಅಪಘಾತ ಆದ ಕಡೆ, ಇಲ್ಲವೇ ನಾವು ವಾಸ ಇರುವ ಕಡೆ, ಇಲ್ಲವೇ ಮಾಲೀಕರ ನೋಂದಾಯಿತ ಕಚೇರಿ ಇರುವ ಕಡೆ, ಎಲ್ಲಿಯ ಪರಿಹಾರ ಕಮಿಷನರ ಮುಂದೆ ಬೇಕಾದರೂ ಅರ್ಜಿ ಹಾಕಬಹುದು ಅಂತ ಅದೇ ಕಾಯ್ದೆಯ 21ನೇ ಸೆಕ್ಷನ್ ಹೇಳುತ್ತಿತ್ತು. ನಾವು ಮನೆಯ ಕಡೆಯೇ ಹಾಕಿದೆವು. ಗಡಿಯಲ್ಲಿ ಇರುವ ನಮ್ಮಂಥವರಿಗೆ ಇದು ಗೊತ್ತಿರಲೇಬೇಕು. ಉಚಿತ ಕಾನೂನು ನೆರವಿನಲ್ಲಿ ಸಿಕ್ಕ ವಕೀಲರಿಗೂ ಥ್ಯಾಂಕ್ಸ್, ಮಲಯಾಳದ ಒಂದೊಂದು ಕಾಗದವನ್ನೂ ಕೂತು ಕನ್ನಡದಲ್ಲಿ ಬಿಡಿಸಿ ಹೇಳಿದ್ದಕ್ಕೆ. ಕೈಗಾರಿಕಾ ಕಾರ್ಮಿಕರಿಗೆ ಆ ನೆರವು ಆದಾಯ ನೋಡದೆ ಸಿಗುತ್ತದೆ.

ಎಷ್ಟು ಸಿಕ್ಕಿತು ಅಂತ ಸುಮಾರು ಜನ ಕೇಳಿದಿರಿ. ಮುಚ್ಚಿಡುವಂಥದ್ದು ಏನಿಲ್ಲ. ಸಂಬಳ ಎಷ್ಟೇ ಇರಲಿ, ಲೆಕ್ಕಕ್ಕೆ ತಿಂಗಳಿಗೆ 15,000 ರೂಪಾಯಿವರೆಗೆ ಮಾತ್ರ ಹಿಡಿಯುತ್ತಿದ್ದರು, 2020ರ ಜನವರಿಯಿಂದ ಹಾಗೆ ಇತ್ತು. ಅದರಲ್ಲಿ 60 ಶೇಕಡ ಅಂದರೆ 9,000. ಗಾಯ ಆದಾಗ ನನಗೆ 40 ವರ್ಷ, ಆ ವಯಸ್ಸಿಗೆ ಕಾಯ್ದೆಯ ಪಟ್ಟಿಯಲ್ಲಿರುವ ಗುಣಕ 184.17. ಒಂದು ಕೈಯ ಮೂರು ಬೆರಳು ಹೋದರೆ 30 ಶೇಕಡ ನಷ್ಟ ಅಂತ ಇನ್ನೊಂದು ಪಟ್ಟಿ. ಎಲ್ಲ ಗುಣಿಸಿದರೆ 4,97,259 ರೂಪಾಯಿ. ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ 12 ಶೇಕಡ ಬಡ್ಡಿ. ಆಸ್ಪತ್ರೆಯ ಖರ್ಚು ಬೇರೆ, ಅದನ್ನೂ ಮಾಲೀಕರೇ ಕೊಡಬೇಕು, 2009ರ ತಿದ್ದುಪಡಿಯಲ್ಲಿ ಬಂದದ್ದು. ಔಷಧಿ ಚೀಟಿಯಿಂದ ಹಿಡಿದು ಪ್ರತಿ ಬಿಲ್ಲನ್ನೂ ಹೆಂಡತಿ ಒಂದು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿ ಅಕ್ಕಿ ಡಬ್ಬದ ಮೇಲೆ ಇಟ್ಟಿದ್ದಳು. ಒಂದೂ ಕಳೆದಿರಲಿಲ್ಲ. ಅವಳಿಗೆ ಇಲ್ಲಿ ಥ್ಯಾಂಕ್ಸ್ ಹೇಳಿದರೆ ನಗುತ್ತಾಳೆ, ಆದರೂ ಹೇಳುತ್ತೇನೆ.

ನಮ್ಮ ಮಿಲ್ಲಿನಲ್ಲಿ ಹತ್ತು ಜನ ಇರಲಿಲ್ಲ, ಹಾಗಾಗಿ ಇಎಸ್ಐ, ಅಂದರೆ ನೌಕರರ ರಾಜ್ಯ ವಿಮೆ, ಇರಲಿಲ್ಲ. ಇಎಸ್ಐ ಇರುವವರಿಗೆ ಪರಿಹಾರ ಅಲ್ಲಿಂದಲೇ, ದಾರಿ ಬೇರೆ. ನನ್ನದು 2023ರ ಗಾಯ, ಹಳೆಯ ಕಾಯ್ದೆಯಲ್ಲೇ ನಡೆಯಿತು. ಅದರ ಬದಲಿಗೆ 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದೆ, ಅರ್ಜಿಗೆ ಎರಡು ವರ್ಷದ ಗಡುವು ಅದರಲ್ಲೂ ಇದೆ. ಪೆರ್ಲ, ಬದಿಯಡ್ಕ, ಬಾಯಾರು ಕಡೆ ಮಿಲ್ಲು, ಕೋರೆ, ಕಟ್ಟಡದ ಕೆಲಸದಲ್ಲಿ ಯಾರಿಗಾದರೂ ಗಾಯ ಆಗಿದ್ದರೆ ನನಗೊಂದು ಫೋನ್ ಮಾಡಿ. ಆಸ್ಪತ್ರೆಗೆ ಯಾರಾದರೂ ಕಾಗದ ಹಿಡಿದುಕೊಂಡು ಬಂದರೆ ಸೈನ್ ಹಾಕುವ ಮೊದಲೇ ಮಾಡಿ, ರಾತ್ರಿಯಾದರೂ ಪರವಾಗಿಲ್ಲ. ನಾನು ಬರ್ತೇನೆ. ಇಚ್ಚನೂ ಬರ್ತಾರಂತೆ, ಕೇಳಿಯೇ ಬರೆದಿದ್ದೇನೆ.