ಹಳೆಯ ಗೋಡೆಗಳಿಗೆ ಇನ್ನು ಸುಣ್ಣದ ಗಾರೆ ಮಾತ್ರ

ಮಾನ್ಯ ಗ್ರಾಹಕರೇ,

ಹಳೆಯ ಕಟ್ಟಡಗಳನ್ನು ಮನೆಗಳಾಗಿ ಮಾರ್ಪಡಿಸುವ ನಮ್ಮ ಕೆಲಸಗಳಲ್ಲಿ ಇನ್ನು ಮುಂದೆ ಮೂಲ ಗೋಡೆಗಳಿಗೆ ಸಿಮೆಂಟ್ ಗಿಲಾವು ಇರುವುದಿಲ್ಲ. ಒಳಗೂ ಹೊರಗೂ ಸುಣ್ಣದ ಗಾರೆಯೇ. ಇದರಿಂದ ಮನೆ ಕೈಗೆ ಸಿಗುವ ದಿನ, ಬಣ್ಣದ ಆಯ್ಕೆ, ಬಚ್ಚಲು ಮತ್ತು ಅಡುಗೆಮನೆಯ ಜಾಗ ಬದಲಾಗುತ್ತವೆ. ಗಾರೆ ಕೆಲಸ ಇನ್ನೂ ಶುರುವಾಗದ ಎಲ್ಲ ಮನೆಗಳಿಗೂ ಇದು ಅನ್ವಯಿಸುತ್ತದೆ.

ಹಳೆಯ ಗೋಡೆಗಳ ಬುಡದಲ್ಲಿ ಸಾಮಾನ್ಯವಾಗಿ ತೇವ ತಡೆಯುವ ಪದರ ಇರುವುದಿಲ್ಲ. ನೆಲದ ನೀರು ಮೇಲೇರುತ್ತದೆ, ಗೋಡೆಯ ಮೈಯಿಂದ ಆವಿಯಾಗಿ ಹೋಗುತ್ತದೆ. ಏರಿದ್ದಕ್ಕೂ ಆರಿದ್ದಕ್ಕೂ ಸರಿಹೋಗುತ್ತದೆ. ಸಿಮೆಂಟ್ ಬಳಿದರೆ ಆರುವ ದಾರಿ ಮುಚ್ಚಿ ತೇವ ಇನ್ನಷ್ಟು ಮೇಲೇರುತ್ತದೆ. ಜೊತೆಗೆ ಬಂದ ಉಪ್ಪು ಗಿಲಾವಿನ ಹಿಂದೆ ಹರಳುಗಟ್ಟಿ ಇಟ್ಟಿಗೆಯ ಮುಖವನ್ನೇ ಉದುರಿಸುತ್ತದೆ. ಸಿಮೆಂಟಿನಲ್ಲಿ ಬಿಡುವ ಕೂದಲೆಳೆಯ ಬಿರುಕುಗಳು ಮಳೆನೀರನ್ನು ಒಳಗೆ ಬಿಟ್ಟುಕೊಳ್ಳುತ್ತವೆ, ಹೊರಗೆ ಬಿಡುವುದಿಲ್ಲ. ಇವೆಲ್ಲಕ್ಕಿಂತ ನಮಗೆ ಹೆಚ್ಚಿನ ಚಿಂತೆ ತೊಲೆಗಳದ್ದು. ಮರದ ತೇವಾಂಶ ಶೇ. 20 ದಾಟಿ ಹಾಗೆಯೇ ನಿಂತರೆ ಕೊಳೆತದ ಅಪಾಯ ಶುರು. ತೊಲೆಯ ತುದಿ ಗೋಡೆಯೊಳಗೆ ಹುದುಗಿರುವುದರಿಂದ ಮೇಲಿನ ನೆಲ ಕುಗ್ಗುವವರೆಗೂ ಅದು ಕಣ್ಣಿಗೆ ಬೀಳುವುದಿಲ್ಲ. ಉಗ್ರಾಣವಾಗಿದ್ದ ಕಟ್ಟಡ ಮನೆಯಾದಾಗ ಸ್ನಾನ, ಅಡುಗೆ, ಒಗೆತದ ಹಬೆಯೂ ಇದಕ್ಕೆ ಸೇರುತ್ತದೆ.

ಮೊದಲು ಹಳೆಯ ಸಿಮೆಂಟನ್ನು ಉಳಿ, ಸುತ್ತಿಗೆಯಿಂದ ಕೈಯಲ್ಲೇ ಬಿಡಿಸುತ್ತೇವೆ. ಇಟ್ಟಿಗೆಯ ಮುಖವೇ ಕಿತ್ತು ಬರುವಷ್ಟು ಬಿಗಿಯಾಗಿ ಹಿಡಿದಿದ್ದರೆ ಆ ಭಾಗವನ್ನು ಮುಟ್ಟುವುದಿಲ್ಲ. ಸಂದುಗಳನ್ನು ಸುಮಾರು 25 ಮಿ.ಮೀ. ಆಳಕ್ಕೆ ಕೆರೆದು, ನೀರು ಚಿಮುಕಿಸಿ, ಹೊಸ ಗಾರೆ ತುಂಬುತ್ತೇವೆ. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು; ಮರಳು ಸಣ್ಣ ದಪ್ಪ ಕಾಳು ಬೆರೆತು ಒರಟಾಗಿರಬೇಕು, ಬರೀ ನುಣುಪು ಮರಳಿನ ಗಾರೆ ಬಿರಿಯುತ್ತದೆ. ಒಳಗೋಡೆಗೆ ಕನಿಷ್ಠ ಮೂರು ತಿಂಗಳು ನೀರಿನಲ್ಲಿ ಕಳಿತ ಸುಣ್ಣ. ಗೋಡೆಯ ಬುಡಕ್ಕೂ ಮಳೆ ಹೊಡೆಯುವ ಮುಖಕ್ಕೂ ತೇವದಲ್ಲೂ ಗಟ್ಟಿಯಾಗುವ ಹೈಡ್ರಾಲಿಕ್ ಸುಣ್ಣ. ಬೇಗ ಗಟ್ಟಿಯಾಗಲೆಂದು ಸುಣ್ಣಕ್ಕೆ ಒಂದಿಷ್ಟು ಸಿಮೆಂಟ್ ಬೆರೆಸಿ ಎಂದು ಕೇಳುವವರಿದ್ದಾರೆ. ಬೆರೆಸುವುದಿಲ್ಲ, ಆ ಅರೆಬರೆ ಗಾರೆ ಎರಡರ ಗುಣವನ್ನೂ ಕಳೆದುಕೊಳ್ಳುತ್ತದೆ.

ಒಂದು ಪದರ ಸುಮಾರು 10 ಮಿ.ಮೀ. ಅದಕ್ಕಿಂತ ದಪ್ಪವಾದರೆ ಬಿರುಕು ಗ್ಯಾರಂಟಿ. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಗಟ್ಟಿಯಾಗುತ್ತದೆ, ಅದಕ್ಕೆ ತುಸು ತೇವವೂ ಬೇಕು. ಬಿಸಿಲಿಗೆ, ಬೀಸುಗಾಳಿಗೆ ಸಿಕ್ಕಿ ಬೇಗ ಒಣಗಿದರೆ ಬೆರಳು ತಾಗಿದಲ್ಲೆಲ್ಲ ಪುಡಿ ಉದುರುತ್ತದೆ. ಹಾಗಾಗಿ ಹಸಿ ಗಾರೆಯ ಮುಂದೆ ಒದ್ದೆ ಗೋಣಿ ಇಳಿಬಿಟ್ಟು, ಪದರದಿಂದ ಪದರಕ್ಕೆ ಪ್ರತಿ ಮಿಲಿಮೀಟರಿಗೆ ಒಂದು ದಿನದ ಲೆಕ್ಕದಲ್ಲಿ ಕಾಯುತ್ತೇವೆ. ಮೂರು ಪದರಕ್ಕೆ ತಿಂಗಳು ಬೇಕು. ತಾಪಮಾನ 5 ಡಿಗ್ರಿಗಿಂತ ಕೆಳಗಿದ್ದರೆ ಕೆಲಸವೇ ಇಲ್ಲ.

ಗೋಡೆ ಪೂರ್ತಿ ಆರಲು ಬೇಕಾದ ಕಾಲವೇ ಬೇರೆ. ತಿಂಗಳಿಗೆ 25 ಮಿ.ಮೀ. ಎಂಬ ರೂಢಿಯ ಲೆಕ್ಕದಲ್ಲಿ 450 ಮಿ.ಮೀ. ಗೋಡೆಗೆ ಒಂದೂವರೆ ವರ್ಷ. ಅಷ್ಟು ಕಾಯಬೇಕಿಲ್ಲ: ಸುಣ್ಣದ ಮೂಲಕ ಗೋಡೆ ಆರುತ್ತಲೇ ಇರುತ್ತದೆ, ನೀವು ವಾಸಕ್ಕೆ ಬರಬಹುದು. ಆದರೆ ಅದರ ಮೇಲೆ ಪ್ಲಾಸ್ಟಿಕ್ ಬಣ್ಣ, ವಾಲ್‌ಪೇಪರ್, ಪುಟ್ಟಿ, ಟೈಲ್ಸ್ ಬೇಡ. ಸುಣ್ಣ ಬಳಿದರೆ ತೆಳುವಾಗಿ ನಾಲ್ಕೈದು ಸಲ. ಅದರಲ್ಲೇ ಖನಿಜ ಬಣ್ಣಗಳ ಆಯ್ಕೆಯಿದೆ. ಹೊರಗೋಡೆಗೆ ಬೀರು ಒತ್ತರಿಸದೆ 50 ಮಿ.ಮೀ. ಅಂತರ ಬಿಡಿ. ತೇವ ಅಳೆಯಲು ಪಿನ್ ಮೀಟರನ್ನಷ್ಟೇ ನಂಬುವುದಿಲ್ಲ, ಉಪ್ಪಿದ್ದರೆ ಅದು ಹೆಚ್ಚು ತೋರಿಸುತ್ತದೆ. ಗೋಡೆ ಕೊರೆದು ತೆಗೆದ ಪುಡಿಯನ್ನು ತೂಗಿ, ಒಣಗಿಸಿ, ಮತ್ತೆ ತೂಗುತ್ತೇವೆ.

ಟೈಲ್ಸ್ ಇಲ್ಲದೆ ಬಚ್ಚಲಿಲ್ಲವಲ್ಲ, ಅದಕ್ಕಾಗಿ ಬಚ್ಚಲು, ಸಿಂಕು ಹೊಸ ಅಡ್ಡಗೋಡೆಗೆ ಹೋಗುತ್ತವೆ. ಶೌಚದ 110 ಮಿ.ಮೀ. ಕೊಳವೆಗೆ ಮೀಟರಿಗೆ 25 ಮಿ.ಮೀ. ಇಳಿಜಾರು ಬೇಕು, ನಾಲ್ಕು ಮೀಟರ್ ದೂರಕ್ಕೆ 100 ಮಿ.ಮೀ. ಇಳಿತ. ಅದಕ್ಕಾಗಿ ಹಳೆಯ ಜಂತಿಗಳನ್ನು ಕಚ್ಚು ಹಾಕಿ ಕೊರೆಯುವುದಿಲ್ಲ. ಹೀಗಾಗಿ ಕೆಲವು ನಕ್ಷೆಗಳಲ್ಲಿ ಬಚ್ಚಲು ಮುಖ್ಯ ಕೊಳವೆಯ ಹತ್ತಿರಕ್ಕೆ ಸರಿದಿದೆ. ಪರಿಷ್ಕೃತ ನಕ್ಷೆ ಈ ಪತ್ರದ ಜೊತೆಗಿದೆ.

ಮೊದಲ ವರ್ಷ ಗೋಡೆಯ ಮೇಲೆ ಬಿಳಿ ಪುಡಿ ಕಂಡರೆ ಒಣ ಬ್ರಷ್‌ನಿಂದ ಕೆಡವಿ ಗುಡಿಸಿ. ಒದ್ದೆ ಬಟ್ಟೆಯಿಂದ ಒರೆಸಿದರೆ ಉಪ್ಪು ಕರಗಿ ಮತ್ತೆ ಒಳಗೇ ಹೋಗುತ್ತದೆ. ಪ್ಲಾಸ್ಟಿಕ್ ಬಣ್ಣವನ್ನೇ ಆರಿಸಿಕೊಂಡಿರುವವರು ಮೊದಲ ಪದರ ಬೀಳುವ ಮೊದಲೇ ಹೊಸ ಆಯ್ಕೆಯನ್ನು ನಮಗೆ ಬರೆದು ತಿಳಿಸಿ.

ಇಂತಿ ನಿಮ್ಮ,
ನವೀಕರಣ ಕೆಲಸದ ತಂಡ