ಹತ್ತು ವರ್ಷ ದಾಟಿದ ಕಾರಿಗೆ ಇನ್ನು ಪ್ಯಾಕೇಜ್ ಸರ್ವಿಸ್ ಇಲ್ಲ

ಆತ್ಮೀಯ ಗ್ರಾಹಕರೇ,

ಮುಂದಿನ ತಿಂಗಳು 1ನೇ ತಾರೀಖಿನಿಂದ ಹತ್ತು ವರ್ಷ ದಾಟಿದ ಕಾರುಗಳಿಗೆ ನಮ್ಮ ಗ್ಯಾರೇಜಿನಲ್ಲಿ ಪ್ಯಾಕೇಜ್ ಸರ್ವಿಸ್ ನಿಲ್ಲಿಸುತ್ತಿದ್ದೇವೆ. ₹3,500 ಕೊಟ್ಟರೆ ಆಯಿಲ್, ಫಿಲ್ಟರ್, ವಾಷಿಂಗ್ ಎಲ್ಲ ಸೇರಿತು ಎನ್ನುವ ಲೆಕ್ಕ ಇನ್ನು ಹೊಸ ಕಾರುಗಳಿಗೆ ಮಾತ್ರ. ಹಳೇ ಕಾರನ್ನು ಮೊದಲು ಲಿಫ್ಟ್ ಮೇಲೆ ಏರಿಸಿ ನೋಡುತ್ತೇವೆ. ಏನೇನು ಹೋಗಿದೆ, ಎಷ್ಟು ಖರ್ಚು ಅಂತ ಬರೆದು ಕೊಡುತ್ತೇವೆ. ನೀವು ಹೂಂ ಅಂದ ಮೇಲೆಯೇ ಸ್ಪ್ಯಾನರ್ ಹಿಡಿಯುವುದು. ನೋಡುವುದಕ್ಕೆ ₹400. ಕೆಲಸ ನಮ್ಮಲ್ಲೇ ಮಾಡಿಸಿದರೆ ಅದನ್ನು ಬಿಲ್ಲಿನಲ್ಲಿ ಕಳೆಯುತ್ತೇವೆ.

ನಮ್ಮಲ್ಲಿಗೆ ಬರುವುದು ಹಳೇ ಆಲ್ಟೊ, ವ್ಯಾಗನ್ ಆರ್, ಸ್ಯಾಂಟ್ರೊ, ಸ್ವಿಫ್ಟ್‌ಗಳೇ ಜಾಸ್ತಿ. ಎಷ್ಟೋ ಕಾರು ಎರಡನೇ, ಮೂರನೇ ಕೈಗೆ ಬಂದವು. ಇಂಥ ಕಾರಿಗೆ ಹೊಸ ಆಯಿಲ್ ಹಾಕಿ ತೊಳೆದು ಕೊಟ್ಟರೆ ಸರ್ವಿಸ್ ಆಯಿತು ಅನ್ನಿಸುತ್ತದೆ. ಕೆಳಗೆ ಚಕ್ರವನ್ನು ಹಿಡಿದಿಡುವ ಬಾಲ್ ಜಾಯಿಂಟ್ ಅಲ್ಲಾಡುತ್ತಿದ್ದರೆ ಆ ಹೊಳಪಿನಿಂದ ಏನೂ ಉಪಯೋಗವಿಲ್ಲ.

ಸ್ಯಾಂಟ್ರೊ ಇಟ್ಟುಕೊಂಡವರು ಇದೊಂದನ್ನು ದಯವಿಟ್ಟು ಗಮನಿಸಿ. ಎಂಜಿನ್ನಿನ ವಾಲ್ವ್‌ಗಳನ್ನು ಪಿಸ್ಟನ್ ಜೊತೆ ತಾಳಕ್ಕೆ ಸರಿಯಾಗಿ ಓಡಿಸಲು ಅದರಲ್ಲಿರುವುದು ಟೈಮಿಂಗ್ ಬೆಲ್ಟ್. ಹಳೇ ಐ10ರ 1.1 ಲೀಟರ್ ಎಂಜಿನ್‌ನಲ್ಲೂ ಅದೇ. ಬೆಲ್ಟ್ ರಬ್ಬರಿನದು, ಕಾರು ಓಡದೆ ನಿಂತಿದ್ದರೂ ಅದಕ್ಕೆ ವಯಸ್ಸಾಗುತ್ತದೆ. ಓಡುವಾಗ ಹರಿದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಬಾಗುತ್ತವೆ, ಎಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್, ಬಿಚ್ಚಲೇಬೇಕು. ಬೆಲ್ಟ್ ಮತ್ತು ಅದನ್ನು ಬಿಗಿಯಾಗಿಡುವ ಟೆನ್ಷನರ್ ಬದಲಿಸಲು ನಮ್ಮಲ್ಲಿ ಸುಮಾರು ₹4,000. ಹೆಡ್ ಬಿಚ್ಚಿದರೆ ₹15,000ಕ್ಕೆ ಕಡಿಮೆ ಆಗುವುದಿಲ್ಲ. ಸೆಕೆಂಡ್ ಹ್ಯಾಂಡ್ ಕಾರು ಎಷ್ಟು ಓಡಿದೆ ಅನ್ನುವುದಕ್ಕೆ ಮೀಟರ್ ಅನ್ನು ಪೂರ್ತಿ ನಂಬಲೂ ಆಗದು. ಹಾಗಾಗಿ ಬೆಲ್ಟ್ ಬದಲಿಸಿದ ಬಿಲ್ ಇಲ್ಲದಿದ್ದರೆ, ಬದಲಿಸಿಲ್ಲ ಅಂತಲೇ ತಿಳಿದು ಹೊಸದು ಹಾಕಿಸಿ ಅನ್ನುತ್ತೇವೆ. 2010ರಿಂದ ಬಂದ ಆಲ್ಟೊ ಕೆ10 ಮತ್ತು ಕೆ-ಸೀರೀಸ್ ಎಂಜಿನ್ನಿನ ವ್ಯಾಗನ್ ಆರ್‌ಗಳಲ್ಲಿ ಬೆಲ್ಟ್ ಬದಲು ಚೈನ್ ಇದೆ, ಆ ಕಾರಿನವರಿಗೆ ಈ ಚಿಂತೆ ಇಲ್ಲ. ಆದರೆ ಆಯಿಲ್ ಬದಲಿಸುವುದನ್ನು ಮುಂದೂಡಿದರೆ ಚೈನ್ ಕೂಡ ಸಡಿಲವಾಗಿ ಸದ್ದು ಮಾಡುತ್ತದೆ.

ಇನ್ನೊಂದು, ರೇಡಿಯೇಟರ್‌ಗೆ ನಲ್ಲಿ ನೀರು ಹಾಕುವ ಅಭ್ಯಾಸ. ನೀರು ಕಡಿಮೆಯಾಯಿತು ಅಂತ ಸುಮ್ನೆ ಬಾಟಲಿಯಿಂದ ಸುರಿಯುತ್ತಾ ಹೋದರೆ ಒಳಗೆ ತುಕ್ಕು, ಕೆಸರು ಕಟ್ಟಿಕೊಳ್ಳುತ್ತದೆ. ಊರೊಳಗೆ ಓಡಾಡುವಾಗ ಗೊತ್ತಾಗುವುದಿಲ್ಲ. ಆಗುಂಬೆ ಘಾಟಿ ಹತ್ತುವಾಗ ಬಿಸಿ ಏರಿ, ಹೆಡ್ ಕೆಳಗಿನ ಸೀಲ್ ಆದ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಆಯಿಲ್ ಕ್ಯಾಪ್ ತೆಗೆದಾಗ ಒಳಗೆ ಹಾಲು ಬೆರೆತ ಕಾಫಿಯ ಬಣ್ಣ ಕಂಡರೆ ಆಯಿಲ್‌ಗೆ ನೀರು ಸೇರಿರಬಹುದು, ಕಾರು ಸ್ಟಾರ್ಟ್ ಮಾಡಬೇಡಿ, ನಮಗೆ ಫೋನ್ ಮಾಡಿ. ರೇಡಿಯೇಟರ್‌ಗೆ ನೀರಿನ ಬದಲು ಹಾಕಬೇಕಾದ ಕೂಲೆಂಟ್ ಪೂರ್ತಿ ಬದಲಿಸಲು ₹900ರಿಂದ ₹1,200 ಸಾಕು.

ಕ್ಲಚ್, ಚಕ್ರದ ಸಸ್ಪೆನ್ಷನ್‌ನ ಲೋವರ್ ಆರ್ಮ್, ಲಿಂಕ್ ರಾಡ್ ಸವೆಯುವ ಭಾಗಗಳು, ಅದರಲ್ಲಿ ಹೊಸದೇನಿಲ್ಲ. ಆಲ್ಟೊಗೆ ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಹಾಕಿದರೆ ಲೇಬರ್ ಸೇರಿ ₹5,000 ಆಸುಪಾಸು. ಪ್ಲೇಟ್ ಒಂದೇ ಹಾಕಿ ಅನ್ನುವವರಿದ್ದಾರೆ. ಉಳಿದೆರಡು ಆಮೇಲೆ ಹೋದರೆ ಮತ್ತೆ ಗೇರ್‌ಬಾಕ್ಸ್ ಇಳಿಸಬೇಕು, ಆ ಕೂಲಿ ಎರಡು ಸಲ ಕೊಡುವ ಆಸೆ ಇದ್ದರೆ ಹಾಕೋಣ.

ಮಲೆನಾಡಿನ ಮಳೆಯಲ್ಲಿ ಕಾರಿಗೆ ದೊಡ್ಡ ಶತ್ರು ತುಕ್ಕು. ಬಾಗಿಲಿನ ಅಡಿಯಲ್ಲಿ ನೀರು ಇಳಿಯಲು ಸಣ್ಣ ತೂತುಗಳಿರುತ್ತವೆ. ಮಣ್ಣು ಕೂತು ಅವು ಕಟ್ಟಿಕೊಂಡರೆ ಬಾಗಿಲು ಒಳಗಿಂದಲೇ ಕೊಳೆಯುತ್ತದೆ. ಕಾರ್ಪೆಟ್ ಒದ್ದೆಯಾಗಿದ್ದರೆ ಅದರ ಕೆಳಗಿನ ಫ್ಲೋರ್ ಕಥೆಯೂ ಅಷ್ಟೇ. ತುಕ್ಕಿನ ಮೇಲೆ ಕಪ್ಪು ಅಂಡರ್‌ಬಾಡಿ ಕೋಟಿಂಗ್ ಹೊಡೆದು ಕೊಡುವುದನ್ನು ನಾವು ಮಾಡುವುದಿಲ್ಲ. ತೇವ ಒಳಗೇ ಉಳಿದು ಇನ್ನೂ ಬೇಗ ತಿನ್ನುತ್ತದೆ. ತುಕ್ಕು ಕೆರೆದು, ಪ್ಯಾಚ್ ಹಾಕಿ, ಆಮೇಲೆ ಕೋಟಿಂಗ್.

ಬಿಡಿಭಾಗಗಳ ವಿಷಯ. 2025ರ ಸೆಪ್ಟೆಂಬರ್ 22ರಿಂದ ಆಟೊ ಪಾರ್ಟ್ಸ್‌ಗಳ ಜಿಎಸ್‌ಟಿ ಒಂದೇ ಸಮ 18% ಆಗಿದೆ. ಮೊದಲು 28% ಇದ್ದವುಗಳಲ್ಲಿ ಇಳಿದದ್ದು ನಿಮ್ಮ ಬಿಲ್ಲಿನಲ್ಲಿ ಕಾಣುತ್ತದೆ. ಎಸ್ಟಿಮೇಟ್‌ನಲ್ಲಿ ಕಂಪನಿ ಪಾರ್ಟ್ ಮತ್ತು ಹೊರಗಿನ ಒಳ್ಳೆ ಪಾರ್ಟ್ ಎರಡರ ಬೆಲೆಯನ್ನೂ ಬರೆಯುತ್ತೇವೆ. ಬ್ರೇಕ್ ಮತ್ತು ಸ್ಟಿಯರಿಂಗ್‌ಗೆ ಮಾತ್ರ ಅಗ್ಗದ ಲೋಕಲ್ ಮಾಲು ಹಾಕುವುದಿಲ್ಲ, ನೀವೇ ತಂದುಕೊಟ್ಟರೂ ಹಾಕುವುದಿಲ್ಲ. ಬಿಚ್ಚಿದ ಹಳೇ ಪಾರ್ಟ್ಸ್ ಡಿಕ್ಕಿಯಲ್ಲಿ ಇಟ್ಟು ಕೊಡುತ್ತೇವೆ.

15 ವರ್ಷ ತುಂಬುತ್ತಿರುವ ಕಾರಿನವರು ಆರ್‌ಸಿ ರಿನ್ಯೂಗೆ ದುಡ್ಡು ಕಟ್ಟುವ ಮೊದಲೇ ಒಮ್ಮೆ ಬನ್ನಿ. ಕಾರಿನ ರಿನ್ಯೂ ಶುಲ್ಕವೇ ₹5,000, 20 ವರ್ಷ ದಾಟಿದ್ದಕ್ಕೆ ₹10,000. ರಿಪೇರಿ ಖರ್ಚು ಕಾರಿನ ಈಗಿನ ಬೆಲೆಯ ಅರ್ಧ ದಾಟುವಂತಿದ್ದರೆ ಮಾಡಿಸಬೇಡಿ ಅಂತ ನೇರವಾಗಿ ಹೇಳುತ್ತೇವೆ. ಅಪ್ಪನ ಕಾಲದ ಕಾರು, ಬಿಡಲ್ಲ ಅಂದರೆ ಅದು ಬೇರೆ ಲೆಕ್ಕ. ಆಗ ಯಾವ ಕೆಲಸ ಮೊದಲು, ಯಾವುದು ಆರು ತಿಂಗಳು ಕಾಯಬಹುದು ಅಂತ ಕೂತು ಮಾತಾಡೋಣ.

ಈಗಾಗಲೇ ಪ್ಯಾಕೇಜ್‌ಗೆ ಮುಂಗಡ ಕೊಟ್ಟವರಿಗೆ ಹಳೇ ದರದಲ್ಲೇ ಸರ್ವಿಸ್ ಆಗುತ್ತದೆ, ತಪಾಸಣೆ ಉಚಿತ. ಉಳಿದವರು ಒಂದು ದಿನ ಮೊದಲೇ ಫೋನ್ ಮಾಡಿ. ಸಾಧ್ಯವಾದರೆ ಹಿಂದಿನ ಸಂಜೆಯೇ ಕಾರು ತಂದು ಬಿಡಿ. ಎಂಜಿನ್ ಪೂರ್ತಿ ತಣ್ಣಗಿದ್ದಾಗ ಬೆಳಗ್ಗೆ ಸ್ಟಾರ್ಟ್ ಮಾಡಿ ಕೇಳಿದರೆ ಅರ್ಧ ರೋಗ ಅಲ್ಲೇ ಗೊತ್ತಾಗುತ್ತದೆ. ಹಳೇ ಬಿಲ್ಲುಗಳಿದ್ದರೆ ಜೊತೆಗೆ ತನ್ನಿ.

ಇಂತಿ,
ನಿಮ್ಮ ಗ್ಯಾರೇಜಿನವರು
ಸಾಗರ ರಸ್ತೆ, ಶಿವಮೊಗ್ಗ